ಮಾತು ಬಿಟ್ಟವರ ಬಣ್ಣ

ಕೃತ್ತಿಕೆ ಮಳೆ ಹೆಸರಿಗೆ ನಾಲ್ಕು ಹನಿ ಉದುರಿಸಿ ಹೋಗಿತ್ತು. ರೋಹಿಣಿ ಹುಟ್ಟುವ ಮೊದಲು ಬೆಲ್ಲ ಕೆಳಗಿಳಿಯಬೇಕು ಅನ್ನುವುದು ನಮ್ಮೂರಿನ ಲೆಕ್ಕ. ಹಾಗಾಗಿ ಅವತ್ತು ಬೆಳಗ್ಗೆಯೇ ಊರಿನ ಅರ್ಧ ಜನ ತಂತಮ್ಮ ಮನೆಗಳ ಅಡಿಯಲ್ಲಿದ್ದರು. ಬೀದಿಯಲ್ಲಿ ನಡೆದುಹೋದರೆ ಕಾಲಡಿಯಿಂದ ಕರಕರ ಎಂದು ಹಳೆಯ ಬಣ್ಣ ಕೆರೆಯುವ ಸದ್ದು ಕೇಳುತ್ತಿತ್ತು. ನಾನೂ ತಂತಿ ಬ್ರಷ್ ಹಿಡಿದು ನಮ್ಮ ಕೆಳಮನೆಯ ಹಿಂಗೋಡೆಯ ಬುಡದಲ್ಲಿ ಕೂತಿದ್ದೆ. ಮನೆಯಡಿಯ ಕೋಣೆಗೆ ಹೊರಗಿನವರು ನೆಲಮಾಳಿಗೆ ಎನ್ನುತ್ತಾರೆ, ನಮಗದು ಕೆಳಮನೆ. ಕೆರೆದಲ್ಲೆಲ್ಲ ನೆಲಕ್ಕೆ ಹಚ್ಚಿದ್ದ ಹೋದ ವರ್ಷದ ಕೆಂಪು ಬಣ್ಣ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬರುತ್ತಿತ್ತು. ಅಷ್ಟು ಸಲೀಸಾಗಿ ಬರುತ್ತಿದ್ದುದೇ ನನಗೆ ಭಯ. ಚೆನ್ನಾಗಿ ನಿಂತ ಬಣ್ಣವಾದರೆ ಕೆರೆಯುವವರ ರಟ್ಟೆ ಸೋಲಬೇಕು.

ನಮ್ಮೂರಿನ ಕಾಂಕ್ರೀಟಿಗೆ ಮನೆಯವರು ಹಚ್ಚಿದ ಬಣ್ಣ ನಿಲ್ಲುವುದಿಲ್ಲ. ಒಲ್ಲದ ನೆಂಟರು ಹಚ್ಚಿದರೂ ಇಲ್ಲ, ಕೂಲಿಗೆ ಬಂದವರು ಹಚ್ಚಿದರೂ ಇಲ್ಲ. ಮಾತು ಬಿಟ್ಟವರೇ ಬಂದು ಹಚ್ಚಬೇಕು. ಬಾಯಿ ಮುಚ್ಚಿಕೊಂಡಿದ್ದರೆ ಸಾಲದು, ಹಚ್ಚುವವರ ಹೊಟ್ಟೆಯೊಳಗೆ ಸಿಟ್ಟಿರಬೇಕು. ಬಣ್ಣ ಒಣಗುವ ತನಕ ಆ ಸಿಟ್ಟು ಆರದಿದ್ದರೆ ಆಯಿತು. ಒಣಗಿದ ಮೇಲೆ ಒಬ್ಬರನ್ನೊಬ್ಬರು ತಬ್ಬಿಕೊಂಡರೂ ಆ ಮಳೆಗಾಲಕ್ಕೆ ಮೋಸವಿಲ್ಲ, ನೆಲ ಒಲೆಯ ಮಗ್ಗುಲಿನ ಹಾಗೆ ಒಣಗಿಯೇ ಇರುತ್ತದೆ. ನಿಲ್ಲದ ಬಣ್ಣವಾದರೆ ನೆಲ ಮೊದಲು ಬೆವರುತ್ತದೆ, ಆಮೇಲೆ ಜಿನುಗುತ್ತದೆ, ಆಷಾಢದ ಹೊತ್ತಿಗೆ ಮೊಣಕಾಲುದ್ದ ನೀರು. ಮೇಲಿನ ಮನೆಯಲ್ಲಿ ಇಟ್ಟರೆ ಮಳೆಗಾಳಿಗೆ ಬೆಲ್ಲ ಅಳುತ್ತದೆ, ಕೆಳಗಿಟ್ಟರೆ ಕರಗುತ್ತದೆ. ವರ್ಷದ ದುಡಿಮೆ ಜೋನಿಬೆಲ್ಲವಾಗಿ ಚರಂಡಿಗೆ ಹರಿದದ್ದನ್ನು ನಾವೆಲ್ಲ ಯಾವುದಾದರೊಂದು ಮನೆಯಲ್ಲಿ ಕಂಡಿದ್ದೇವೆ.

ಹೀಗಾಗಿ ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಹೊಲ, ಮನೆತನ ಎಲ್ಲ ವಿಚಾರಿಸಿ, ಎಲೆಅಡಿಕೆ ಹಾಕಿಕೊಂಡು, ಕೊನೆಗೆ ಮೆಲ್ಲಗೆ, "ನಿಮ್ಮ ನೆಲಕ್ಕೆ ಯಾರು ಬರ್ತಾರೆ?" ಎಂದು ಕೇಳುತ್ತಾರೆ. ಜಗಳ ಬಿಡಿಸಲು ಯಾರೂ ಮಧ್ಯೆ ಬೀಳುವುದಿಲ್ಲ, ನೋಡಿಕೊಂಡು ಸುಮ್ಮನಿರುತ್ತಾರೆ. ಬೇರೆ ಕಡೆಯಿಂದ ವರ್ಗವಾಗಿ ಬಂದ ಮೇಷ್ಟ್ರೊಬ್ಬರು ತಮ್ಮ ನೆಲಕ್ಕೆ ಯಾರೂ ಇಲ್ಲವೆಂದು ಬೇಜಾರು ಮಾಡಿಕೊಂಡಾಗ, "ಬೈದಾಡಬೇಕಾದ್ರೆ ಮೊದಲು ಪರಿಚಯ ಆಗಬೇಕಲ್ಲ ಮೇಷ್ಟ್ರೇ, ಒಂದ್ನಾಲ್ಕು ವರ್ಷ ತಡೀರಿ" ಎಂದು ಎಲ್ಲರೂ ಸಮಾಧಾನ ಹೇಳಿದ್ದರು. ಮಾತು ಬಿಟ್ಟವರನ್ನು ಕರೆಯುವ ಹಾಗಿಲ್ಲ. ಅವರಾಗಿಯೇ ಬರುತ್ತಾರೆ. ಇವತ್ತು ಅವರು ನಮ್ಮ ನೆಲಕ್ಕೆ, ನಾಳೆ ನಾವು ಅವರ ನೆಲಕ್ಕೆ. ಇದು ಮುಯ್ಯಿ. ನಾಟಿಯ ಮುಯ್ಯಿ ತಪ್ಪಿಸಿದರೂ ತಪ್ಪಿಸಬಹುದು, ನೆಲದ ಮುಯ್ಯಿ ತಪ್ಪಿಸುವ ಹಾಗಿಲ್ಲ. ಇನ್ನು ಕೆಲಸದ ಹೊತ್ತಿನಲ್ಲಿ ಏನಾದರೂ ಹೇಳಲೇಬೇಕಾದರೆ ಬಣ್ಣದ ಬಕೀಟಿಗೆ ಹೇಳುತ್ತೇವೆ. ಅದಕ್ಕೆ ಕೇಳಿಸಿದ್ದು ಎಲ್ಲರಿಗೂ ಕೇಳಿಸಿದ ಹಾಗೆ.

ನಮ್ಮ ನೆಲಕ್ಕೆ ಬರುವವಳು ಕೆಂಪಾಜಮ್ಮ. ನನ್ನ ಓರಗಿತ್ತಿ, ಭಾವನ ಹೆಂಡತಿ, ಗೋಡೆಯಾಚೆಯ ಮನೆ. ಅಣ್ಣತಮ್ಮಂದಿರು ಚೆನ್ನಾಗಿಯೇ ಇದ್ದಾರೆ, ಒಂದೇ ಬೆಂಕಿಕಡ್ಡಿಯಲ್ಲಿ ಇಬ್ಬರೂ ಬೀಡಿ ಹಚ್ಚುತ್ತಾರೆ. ಮಾತು ಬಿಟ್ಟದ್ದು ನಾವಿಬ್ಬರು. ಪಾಲಾದಾಗ ಹಳ್ಳದ ಪಕ್ಕದ ಚೌಳು ಗದ್ದೆ ನಮ್ಮ ಭಾಗಕ್ಕೆ ಬಂತು. ಆ ಗದ್ದೆಯ ಮೊದಲ ಕಬ್ಬಿನಲ್ಲಿ ಬೆಲ್ಲ ಮಾಡಿಸಿ, ಬೀಗರೂಟದ ಪಾಯಸಕ್ಕೆಂದು ನಾನೇ ಹೊತ್ತು ತಂದಿದ್ದೆ. ಪಂಕ್ತಿಯಲ್ಲಿ ಕೂತವರ ಮುಂದೆ ಕೆಂಪಾಜಮ್ಮ ಒಂದು ಚೂರು ನಾಲಿಗೆಗೆ ಇಟ್ಟುಕೊಂಡು, "ಇದು ಬೆಲ್ಲ ಅಲ್ಲ ಬುಡಿ, ದೇವೀರಿಯ ಉಪ್ಪುಬೆಲ್ಲ. ಸಾರಿಗೆ ಹಾಕಿ, ಬೇರೆ ಉಪ್ಪು ಬೇಡ" ಎಂದಳು. ಅಷ್ಟೂ ಜನ ನಕ್ಕರು. ಮಾರನೆಯ ದಿನದಿಂದ ನಾನು ಉಪ್ಪುಬೆಲ್ಲದ ದೇವೀರಿ. ಸಂತೆಯಲ್ಲಿ ಅದೇ ಹೆಸರು, ಬಾವಿಕಟ್ಟೆಯಲ್ಲಿ ಅದೇ ಹೆಸರು. ಅಕ್ಕ ಅಕ್ಕ ಎಂದು ಅವಳನ್ನು ಕರೆಯುತ್ತಿದ್ದ ನನ್ನ ಬಾಯಿ ಅವತ್ತು ಮುಚ್ಚಿದ್ದು ಮತ್ತೆ ತೆರೆಯಲಿಲ್ಲ.

ಹತ್ತು ಹನ್ನೆರಡು ವರ್ಷ ಆ ಗದ್ದೆಗೆ ನಾವು ಏನು ತಾನೇ ಮಾಡಲಿಲ್ಲ. ಜಿಪ್ಸಮ್ ಹಾಕಿದೆವು, ಹಸಿರೆಲೆ ಗೊಬ್ಬರ ತುಳಿದೆವು, ಬದು ಒಡೆದು ಉಪ್ಪುನೀರು ಬಸಿದೆವು. ಈ ವರ್ಷ, ಇದೇ ಮೊದಲ ಸಲ, ಆಲೆಮನೆಯ ಕೊಪ್ಪರಿಗೆಯಿಂದ ಅಚ್ಚಿಗೆ ಬಿದ್ದ ಬೆಲ್ಲ ಜೇನಿನ ಬಣ್ಣಕ್ಕೆ ತಿರುಗಿತು. ಆಲೆಮನೆಯ ಮಾಯಣ್ಣ ಬೆರಳಲ್ಲಿ ತೆಗೆದು ನೆಕ್ಕಿ, "ಅಕ್ಕ, ಗೆದ್ದುಬುಟ್ರಿ" ಎಂದ. ಅಂಗಡಿಯವರಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಮಳೆಗಾಲ ಕಳೆದು ಗೌರಿಹಬ್ಬದಲ್ಲಿ ಊರಿನ ಮನೆಮನೆಗೂ ಆ ಬೆಲ್ಲ ಹಂಚಬೇಕು, ಎಲ್ಲರ ನಾಲಿಗೆಯ ಮೇಲಿನ ಆ ಹೆಸರನ್ನು ತೊಳೆಯಬೇಕು ಅನ್ನುವುದು ನನ್ನ ಹಟ. ಅದಕ್ಕೆ ಬೆಲ್ಲ ಉಳಿಯಬೇಕು. ಉಳಿಯುವುದಕ್ಕೆ ನೆಲ ನಿಲ್ಲಬೇಕು.

ಮಾಯಣ್ಣನ ಬೆಲ್ಲವೂ ನಮ್ಮ ಕೆಳಮನೆಗೇ ಬರುವುದು. ಅವನ ನೆಲಕ್ಕೆ ಯಾರೂ ಇಲ್ಲ. ಅವನ ಜೊತೆ ಜಗಳವಾಡಲು ಊರಿನವರು ಪ್ರಯತ್ನ ಪಡದೆ ಇಲ್ಲ. ದನ ಬಿಟ್ಟು ಅವನ ಕಬ್ಬು ಮೇಯಿಸಿದರು. ಅವನು ದನಕ್ಕೆ ನೀರು ಕುಡಿಸಿ ಹೊಡೆದುಕೊಂಡು ಬಂದು ಕಟ್ಟಿ ಹೋದ. ಅವನ ಕೆಳಮನೆಯಲ್ಲಿ ಯಾವ ಕಾಲಕ್ಕೂ ನೀರು, ಬೀದಿಯ ಹುಡುಗರೆಲ್ಲ ಈಜು ಕಲಿತದ್ದು ಅಲ್ಲೇ.

ಅವತ್ತು ಅವನು ಗಾಡಿಗೆ ಬೆಲ್ಲ ಹೇರಿಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಂತಿದ್ದ. ಬೀದಿಯ ಮಟ್ಟಕ್ಕಿದ್ದ ಬೆಳಕಿಂಡಿಯಲ್ಲಿ ನನಗೆ ಅವನ ಪಾದಗಳೂ ಗಾಡಿಯ ಒಂದು ಚಕ್ರವೂ ಕಾಣುತ್ತಿದ್ದವು.

"ಅಕ್ಕ, ಮೂಡ್ಲಾಗಿ ಮೋಡ ಕಟ್ತಾ ಐತೆ. ನಿಧಾನಕ್ಕೇ ಮಾಡಿ, ಸುಮ್ನೆ ಹೇಳ್ದೆ" ಎಂದ.

ಅಷ್ಟರಲ್ಲಿ ಕೆಂಪಾಜಮ್ಮ ಮೆಟ್ಟಿಲಿಳಿದು ಬಂದಳು. ಬಲಗೈಯಲ್ಲಿ ಬಣ್ಣದ ಬಕೀಟು, ಎಡಗೈಯಲ್ಲಿ ಅಗಲದ ಬ್ರಷ್, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಯಾವಾಗಲೂ ಮನೆಯವರು ಮೆಟ್ಟಿಲ ಮೇಲೆ ಕೂತಿರುತ್ತಾರೆ, ಹಚ್ಚುವವರು ಹಿಂಗೋಡೆಯಿಂದ ಶುರುಮಾಡಿ ಹಿಂದಕ್ಕೆ ಸರಿಯುತ್ತ ಮೆಟ್ಟಿಲಿಗೆ ಬರುತ್ತಾರೆ. ಮುಖ ಮುಖ ನೋಡುವ ಪ್ರಮೇಯವೇ ಬರುವುದಿಲ್ಲ. ಅವತ್ತು ಕೆರೆಯುವುದು ಮುಗಿಯದೆ ನಾನು ಹಿಂಗೋಡೆಯಲ್ಲೇ ಇದ್ದೆ. ಅವಳು ಇಳಿದವಳೇ ನನ್ನ ಮುಖ ಕಂಡಳು. ತಟ್ಟನೆ ತಿರುಗಿ, ನನಗೆ ಬೆನ್ನು ಹಾಕಿ, ಮೆಟ್ಟಿಲ ಬುಡದಲ್ಲೇ ಕುಕ್ಕರಗಾಲಲ್ಲಿ ಕೂತು ಹಚ್ಚಲು ಶುರುಮಾಡಿದಳು.

ನಾನು ಒಂದು ಗಳಿಗೆ ನೋಡಿದೆ. "ಬಕೀಟೇ, ಮೆಟ್ಟಿಲ ಕಡೆಯಿಂದ ಹಚ್ಕೊಂಡು ಬಂದ್ರೆ ಆಮೇಲೆ ಮೇಲಕ್ಕೆ ಹೋಗೋದು ಹೆಂಗೆ ಅಂತ ಒಂದು ಮಾತು ಕೇಳು" ಎಂದೆ.

"ಬಕೀಟೇ, ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವಳಿನ್ನೂ ಲಂಗ ಹಾಕ್ಕೊಂಡು ಕುಂಟೆಬಿಲ್ಲೆ ಆಡ್ತಿದ್ಲು ಅಂತ ಹೇಳು. ನನಗೆ ಬಣ್ಣ ಹಚ್ಚಾದು ಕಲಿಸ್ತಾಳಂತೆ."

"ಹಂಗಾದ್ರೆ ಹಚ್ಕೊಳ್ಳಲಿ ಅಂತ ಹೇಳು."

"ಹಚ್ತಾವ್ಳೆ ಅಂತ ಹೇಳು."

ಒಂದು ಸಲ ಹಾಗೆಂದ ಮೇಲೆ ನಿಲ್ಲಿಸುವುದು ಅವಳ ಜಾಯಮಾನವಲ್ಲ, ಎದ್ದು ದಾಟಿ ಹೋಗುವುದು ನನ್ನ ಜಾಯಮಾನವಲ್ಲ. ಅವಳು ಹಿಂದಕ್ಕೆ ಸರಿಯುತ್ತ ಬಂದಳು, ಕೆಂಪು ಅವಳ ಮುಂದೆ ಹರಡುತ್ತ ಹೋಯಿತು. ಹಚ್ಚುತ್ತ ಹಚ್ಚುತ್ತ ಏನೋ ಮಣಮಣಿಸುತ್ತಿದ್ದಳು. ಕಿವಿಗೊಟ್ಟೆ. "ನನ್ನ ಮಗಳ ಬಾಣಂತನಕ್ಕೆ ಬರ್ಲಿಲ್ಲ. ಬೀಸೋಕಲ್ಲು ಕೇಳಿದ್ರೆ ಹುಡುಗನ ಕೈಲಿ ಕಳಿಸಿದ್ಲು. ನನ್ನ ಕಂಡ್ರೆ ಬಾಗಿಲು ಹಾಕ್ಕೋತಾಳೆ." ಒಂದೊಂದನ್ನೇ ಎತ್ತಿ ಆಡುತ್ತಿದ್ದಳು, ಆರಿದ ಒಲೆಗೆ ಊದುಕೊಳವೆ ಹಿಡಿದು ಊದಿದ ಹಾಗೆ. ಆಗ ನನಗೆ ಹೊಳೆಯಿತು. ಎರಡು ವರ್ಷದಿಂದ ನಮ್ಮ ನೆಲ ಅಲ್ಲಲ್ಲಿ ಏಳುತ್ತಿತ್ತು. ಮೊನ್ನೆ ನಾನು ಹೋಗಿ ಹಚ್ಚಿದ ಅವಳ ನೆಲ ಮಾತ್ರ ಕಬ್ಬಿಣದ ಹಾಗೆ ಕಚ್ಚಿ ಕೂತಿತ್ತು. ಸಿಟ್ಟು ನನ್ನಲ್ಲಿ ಇತ್ತು. ಅವಳಲ್ಲಿ ಮುಗಿಯುತ್ತ ಬಂದಿತ್ತು. ಅವಳಿಗೂ ಅದು ಗೊತ್ತಿತ್ತು.

ಕೊನೆಗೆ ಅವಳ ಬೆನ್ನು ನನ್ನ ಮೊಣಕಾಲಿಗೆ ತಾಗಿತು. ಆಚೆ ಮೆಟ್ಟಿಲ ತನಕ ಹಸಿ ಬಣ್ಣ, ಈಚೆ ಗೋಡೆಮೂಲೆ, ನಡುವೆ ಒಂದು ಚಾಪೆಯಗಲದ ಜಾಗದಲ್ಲಿ ನಾವಿಬ್ಬರು ಮತ್ತು ಬಕೀಟು. ತುಳಿದು ಹೋದರೆ ಹೆಜ್ಜೆ ಬಿದ್ದಲ್ಲಿಂದಲೇ ನೀರು ಏಳುತ್ತದೆ. ಒಣಗಲು ಸಂಜೆಯಾಗಬೇಕು.

"ಬಕೀಟೇ, ಏನೂ ಮಾತಾಡಬೇಡ" ಎಂದಳು ಕೆಂಪಾಜಮ್ಮ.

ಬಹಳ ಹೊತ್ತು ಗೋಡೆಗೊರಗಿ ಕೂತೆವು. ಬೆಳಕಿಂಡಿಯಲ್ಲಿ ಮಾಯಣ್ಣನ ಪಾದಗಳು ಅತ್ತಿಂದಿತ್ತ ಓಡಾಡುತ್ತಿದ್ದವು. ಮಧ್ಯಾಹ್ನ ತಿರುಗುವ ಹೊತ್ತಿಗೆ ಅವಳ ಕೈ ನಡುಗುವುದು ಕಂಡಿತು. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಅವಳಿಗೆ ಹಾಗಾಗುತ್ತದೆ, ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ. ನನ್ನ ಸೆರಗಿನ ಗಂಟಿನಲ್ಲಿ ಒಂದು ಉಂಡೆ ಬೆಲ್ಲವಿತ್ತು. ಕೆಲಸದ ನಡುವೆ ಬಾಯಿಗೆ ಹಾಕಿಕೊಳ್ಳಲೆಂದು ಇಟ್ಟುಕೊಂಡದ್ದು. ಬಿಚ್ಚಿ ಬಕೀಟಿನ ಮುಚ್ಚಳದ ಮೇಲಿಟ್ಟೆ.

"ಬಕೀಟೇ, ಹಸಿದವರಿಗೆ ಕೊಡು. ಆಮೇಲೆ ನನ್ನ ಮನೇಲಿ ತಲೆಸುತ್ತಿ ಬಿದ್ರು ಅನ್ನೋ ಮಾತು ಬೇಡ."

ಅವಳು ನೋಡಿದಳು, ತೆಗೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತುದಿ ಮುರಿದು ಬಾಯಿಗೆ ಹಾಕಿಕೊಂಡಳು. ಚೀಪಿದಳು. ಇನ್ನೊಂದು ಚೂರು ಮುರಿದಳು. ಅವಳ ದವಡೆ ನಿಂತಿತು.

"ಆ ಗದ್ದೇದಾ ಇದು?" ಅವಳು ಕೇಳಿದ್ದು ಬಕೀಟನ್ನಲ್ಲ.

ನಾನು ತಲೆಯಾಡಿಸಿದೆ.

"ಸಿಹಿ ಐತಲ್ಲೇ ದೇವೀರಿ" ಎಂದಳು. "ಒಂದು ಹರಳೂ ಉಪ್ಪಿಲ್ಲ."

ಅಂದದ್ದೇ ತಡ, ಮೆಟ್ಟಿಲ ಬುಡದಲ್ಲಿ ಪಟ್ ಎಂದು ಸಣ್ಣ ಸದ್ದಾಯಿತು. ಕಡಲೆಕಾಳಿನಷ್ಟು ಗುಳ್ಳೆಯೊಂದು ಎದ್ದಿತ್ತು. ಅದರ ಪಕ್ಕದಲ್ಲಿ ಇನ್ನೊಂದು. ಕಾಸಿದ ಹಾಲಿನ ಕೆನೆಯ ಹಾಗೆ ಬಣ್ಣ ಅಂಚಿನಿಂದ ಸುಕ್ಕುಗಟ್ಟತೊಡಗಿತು.

"ಅಯ್ಯೋ, ಬೈಯೇ!" ಕೆಂಪಾಜಮ್ಮ ನನ್ನ ತೋಳು ಹಿಡಿದಳು. "ಬೇಗ ಬೈಯೇ ನನ್ನ! ಸಿಟ್ಟು ಬರೋ ಹಂಗೆ ಬೈಯೇ!"

"ನೀನು... ನೀನು ಉಪ್ಪುಬೆಲ್ಲ ಅಂದಿದ್ದೆ!"

"ಅದು ನನ್ನ ತಪ್ಪು, ಅದಕ್ಕೆ ನನಗೆಂಗೆ ಸಿಟ್ಟು ಬಂದಾತು? ಬೇರೆ ಏನಾರ ಬೈಯಿ!"

"ಹಟಮಾರಿ! ಬಾಯಿಬಡುಕಿ!"

"ಗಟ್ಟಿಯಾಗಿ!"

"ನಿನ್ನ ಸಮಾನ ಹೊಟ್ಟೆಕಿಚ್ಚಿನವಳು ಸೀಮೇಲೇ ಇಲ್ಲ!"

"ಹೂಂ, ಇನ್ನೂ" ಎಂದಳು. ಕಣ್ಣು ನೆಲದ ಮೇಲೆ. ಗುಳ್ಳೆಗಳು ಕೋಣೆಯ ನಡುಭಾಗಕ್ಕೆ ಬಂದಿದ್ದವು.

ಆಗ ನನ್ನ ಬಾಯಿಗೆ ಒಂದು ಮಾತು ಬಂತು. ನಮ್ಮತ್ತೆ ತೀರಿಕೊಂಡ ರಾತ್ರಿ ಕಾಯುತ್ತಿದ್ದವಳು ಕೆಂಪಾಜಮ್ಮ. ಮೂರು ವಾರದಿಂದ ನಿದ್ದೆಗೆಟ್ಟವಳು ಗೋಡೆಗೊರಗಿ ತೂಕಡಿಸಿಬಿಟ್ಟಿದ್ದಳು. ಅತ್ತೆ ನೀರು ನೀರು ಎಂದದ್ದು ಗೋಡೆಯಾಚೆ ಮಲಗಿದ್ದ ನನಗೆ ಕೇಳಿಸಿ ಓಡಿಬಂದೆ. ಲೋಟ ತುಟಿಗೆ ಮುಟ್ಟುವ ಹೊತ್ತಿಗೆ ಮುಗಿದಿತ್ತು. ಅದು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಇಷ್ಟು ವರ್ಷದ ಜಗಳದಲ್ಲಿ ಎಷ್ಟೋ ಸಲ ಆ ಮಾತು ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಗಿತ್ತು. ಅದನ್ನು ಆಡಿದರೆ ಸಾಕು, ಅವಳು ಸಾಯುವ ತನಕ ನನ್ನ ಮುಖ ನೋಡುವುದಿಲ್ಲ. ನೆಲ ಕಲ್ಲಾಗುತ್ತದೆ. ಬೆಲ್ಲ ಉಳಿಯುತ್ತದೆ.

ಅವಳು ನನ್ನ ಮುಖ ನೋಡಿ ತಿಳಿದುಕೊಂಡಳು. ತೋಳಿನ ಮೇಲಿನ ಹಿಡಿತ ಸಡಿಲವಾಯಿತು.

"ಆಡಿಬುಡು" ಎಂದಳು ಮೆಲ್ಲಗೆ. "ಅದನ್ನೇ ಆಡು. ಹನ್ನೆರಡು ವರ್ಷ ಗೇಯ್ದಿದ್ದೀಯ ಆ ಗದ್ದೇನ. ನಾನು ತಡ್ಕೋತೀನಿ."

ಬೆಳಕಿಂಡಿಯ ಆಚೆ ಎಲ್ಲೋ ದೂರದಲ್ಲಿ ಗುಡುಗಿತು. ನಾನು ಆ ಕೆಂಪು ನೆಲವನ್ನು ನೋಡಿದೆ. ಅವಳ ಬಾಯಂಚಿನಲ್ಲಿ ಬೆಲ್ಲದ ಪುಡಿ ಅಂಟಿತ್ತು.

"ನೀನು ಮಾಡೋ ಸಾರಿಗೆ ಹುಳಿ ಜಾಸ್ತಿ ಕನಕ್ಕ" ಎಂದೆ.

ಅವಳು ನಂಬಲಾರದೆ ನನ್ನನ್ನೇ ನೋಡಿದಳು. "ಅಷ್ಟೇಯಾ?"

"ಬಲೇ ಹುಳಿ. ನಾಯಿಯೂ ಮೂಸಾಕಿಲ್ಲ."

ಅವಳು ಮೊದಲು ಅತ್ತಳೋ ನಕ್ಕಳೋ ಹೇಳಲಾರೆ. ನನ್ನ ಹೆಗಲಿಗೆ ಹಣೆ ಒತ್ತಿಕೊಂಡು ಅಲುಗಿದಳು. ನಮ್ಮ ಮುಂದೆ ಇಡೀ ನೆಲದ ಬಣ್ಣ ಒಂದೇ ಹಾಳೆಯಾಗಿ ಮೇಲೆದ್ದು, ಹಪ್ಪಳದ ಹಾಗೆ ಸುರುಳಿ ಸುತ್ತಿಕೊಂಡು ಗೋಡೆಯ ಪಕ್ಕಕ್ಕೆ ಸರಿಯಿತು. ಬರಿ ಕಾಂಕ್ರೀಟು ಮೆಟ್ಟಿಲ ತನಕ ದಾರಿ ಬಿಟ್ಟಿತು. ಅದನ್ನು ನೋಡಿ ನಮಗೆ ಮತ್ತೂ ನಗು. ಸಂಜೆಯ ತನಕ ಕಾಯುವ ಕೆಲಸವೇ ಉಳಿಯಲಿಲ್ಲವಲ್ಲ. ಒಬ್ಬರನ್ನೊಬ್ಬರು ಹಿಡಿದುಕೊಂಡು, ಹನ್ನೆರಡು ವರ್ಷದ ನಗುವನ್ನೆಲ್ಲ ಒಟ್ಟಿಗೇ ನಗುತ್ತ ಮೇಲಕ್ಕೆ ಬಂದೆವು.

ಬಾಗಿಲಲ್ಲಿ ಮಾಯಣ್ಣ ನಿಂತಿದ್ದ. ಬೆಳಗ್ಗೆಯಿಂದ ನಿಂತು ಕಾಲು ಬಾತಿತ್ತು. ತನ್ನ ಮೈಮೇಲಿನ ಅಂಗಿಯನ್ನೂ ಬಿಚ್ಚಿ ಬೆಲ್ಲದ ಮೇಲೆ ಹೊದಿಸಿದ್ದ.

"ನೆಲ ಆಯ್ತಾ ಅಕ್ಕ?"

"ಹೋಯ್ತು ಮಾಯಣ್ಣ" ಎಂದೆ. ನಗಬಾರದೆಂದು ತುಟಿ ಕಚ್ಚಿದೆ. ಕೆಂಪಾಜಮ್ಮ ಮೂಗಿನಲ್ಲಿ ಸೊರ್ ಎಂದಳು. ನಮ್ಮಿಬ್ಬರಿಗೂ ತಡೆಯಲಾಗದೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕುಬಿಟ್ಟೆವು.

ಮಾಯಣ್ಣ ನಮ್ಮನ್ನು ನೋಡಿದ. ಆಕಾಶ ನೋಡಿದ. ಗಾಡಿ ನೋಡಿದ. ಅವನ ಕಿವಿಗಳು ಕೆಂಪಾಗುವುದನ್ನು ನಾನು ಅವತ್ತೇ ಮೊದಲು ಕಂಡದ್ದು.

"ನಗ್ತೀರಾ?" ಎಂದ. "ನಾಲ್ಕು ತಿಂಗಳು ಕೊಪ್ಪರಿಗೆ ಮುಂದೆ ಬೆಂದಿದ್ದೀನಿ. ಬೆಳಗಿಂದ ಒಂದು ತೊಟ್ಟು ನೀರು ಕೇಳಿಲ್ಲ. ನೀವು ನೀವು ರಾಜಿಯಾಗಿ ನನ್ನ ಬೆಲ್ಲ ನೀರಿಗಾಕಿ, ನನ್ನ ಮುಂದೆ ನಿಂತು ನಗ್ತೀರಾ? ಇನ್ನು ಈ ಜನ್ಮದಲ್ಲಿ ನಿಮ್ಮನೆ ಮಾತು ನನಗೆ ಬೇಡ!"

ಬೀದಿ ಗಪ್ಪಾಯಿತು. ಕೆರೆಯುವ ಸದ್ದೂ ನಿಂತಿತು. ಮಾಯಣ್ಣನಿಗೆ ಸಿಟ್ಟು ಬಂದಿದೆ ಎಂಬ ಸುದ್ದಿ ಹರಡಿ ಜನ ಮೆಟ್ಟಿಲು ಹತ್ತಿ ಹತ್ತಿ ಹೊರಗೆ ಬಂದರು. ನಮ್ಮ ನಗು ಆರಿತು. ಅವನು ಆಡಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ತಪ್ಪಾಯ್ತು ಎನ್ನಲು ಬಾಯಿ ತೆರೆದೆ. ಕೆಂಪಾಜಮ್ಮ ನನ್ನ ಬಾಯಿಗೆ ಅಂಗೈ ಅಡ್ಡ ಹಿಡಿದಳು.

"ಸುಮ್ನಿರೇ" ಎಂದು ಕಿವಿಯಲ್ಲಿ ಹೇಳಿದಳು. "ಅವನ ಸಿಟ್ಟು ಇಳಿಸಿದೀಯ ಅಂದ್ರೆ ಕೆಟ್ಟೆವು."

ನಾವು ಮಾಡಿದ್ದು ಇಷ್ಟೇ. ಉಳಿದಿದ್ದ ಬಣ್ಣದ ಡಬ್ಬಿಯನ್ನು ಬಾಗಿಲಲ್ಲಿ ಇಟ್ಟು ಒಳಗೆ ಹೋದೆವು. ಕರೆಯುವ ಹಾಗಿಲ್ಲವಲ್ಲ. ಸ್ವಲ್ಪ ಹೊತ್ತಿಗೆ ಡಬ್ಬಿಯ ಹಿಡಿ ಖಣ್ ಎಂದಿತು, ಧಡಧಡನೆ ಮೆಟ್ಟಿಲಿಳಿದ ಸದ್ದಾಯಿತು. ಅವನು ಜೀವಮಾನದಲ್ಲಿ ಯಾರ ನೆಲಕ್ಕೂ ಹಚ್ಚಿದವನಲ್ಲ, ಆದರೂ ಹಿಂಗೋಡೆಯಿಂದಲೇ ಶುರುಮಾಡಿದ. ಬ್ರಷ್ಷನ್ನು ನೆಲಕ್ಕೆ ಬಡಿಬಡಿದು ಹಚ್ಚುತ್ತಿದ್ದ. ನಡುವೆ ಒಂದು ಸಲ ಮಾತ್ರ, "ಬಕೀಟಪ್ಪ, ಒಂಚೂರು ಈ ಕಡೆ ಬರ್ತೀರಾ" ಎಂದದ್ದು ಕೇಳಿ ಸಿಟ್ಟು ಇಳಿಯಿತೇನೋ ಎಂದು ಹೆದರಿದೆವು. ಇಳಿದಿರಲಿಲ್ಲ. ಬಕೀಟಿನ ಮೇಲೆ ಅವನಿಗೆ ಸಿಟ್ಟಿರಲಿಲ್ಲ, ಅಷ್ಟೆ.

ಬೆಳಗಿನಿಂದ ಉಪವಾಸವಿದ್ದವನಿಗೆ ಅವತ್ತು ನಾನು ಒಂದು ಲೋಟ ಕಾಫಿ ಕೊಡಲಿಲ್ಲ. ನನ್ನ ಬಾಳಿನಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಎರಡು ಸಲ ಒಲೆಯ ಮೇಲೆ ನೀರಿಟ್ಟೆ, ಎರಡು ಸಲವೂ ಕೆಂಪಾಜಮ್ಮ ಇಳಿಸಿದಳು. ಅವನ ಬೆಲ್ಲವನ್ನೆಲ್ಲ ನಾವಿಬ್ಬರೇ ಗಾಡಿಯಿಂದ ಇಳಿಸಿ ನಡುಮನೆಯಲ್ಲಿ ಜೋಡಿಸಿ ಟಾರ್ಪಾಲು ಮುಚ್ಚಿದೆವು. ಅವನು ಯಾರ ಕಡೆಗೂ ನೋಡದೆ ಮನೆಗೆ ಹೋದ.

ಮಾರನೆಯ ಬೆಳಗ್ಗೆ ಇಳಿದು ಅಂಗೈಯಿಟ್ಟು ನೋಡಿದೆ. ನೆಲ ತಣ್ಣಗೆ, ನುಣ್ಣಗೆ, ಕಪ್ಪುಗೆಂಪಾಗಿ ಕೂತಿತ್ತು. ಉಗುರಲ್ಲಿ ಕೆರೆದರೆ ಉಗುರೇ ಸವೆಯಿತು. ಮೇಲೆ ಬಂದರೆ ಮಾಯಣ್ಣ ಜಗುಲಿಯ ಮೇಲೆ ಕೂತಿದ್ದ, ತಲೆ ತಗ್ಗಿಸಿಕೊಂಡು.

"ಅಕ್ಕ, ನಿನ್ನೆ ಬಾಯಿಗೆ ಬಂದಂಗೆ ಅಂದುಬುಟ್ಟೆ. ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಒಣಗ್ತಾ?"

"ಒಣಗ್ತು ಕನಪ್ಪ."

"ಹಂಗಾದ್ರೆ ಒಂಚೂರು ಕಾಫಿ ಕೊಡ್ತೀರಾ?"

ರೋಹಿಣಿ ಅವತ್ತು ಸಂಜೆಯೇ ಹುಟ್ಟಿತು. ಅಷ್ಟರಲ್ಲಿ ನನ್ನ ಬೆಲ್ಲ, ಅವನ ಬೆಲ್ಲ ಎರಡೂ ಕೆಳಗೆ ಸೇರಿದ್ದವು. ಅಲ್ಲಿಗೆ ಮಾಯಣ್ಣನ ಮುಯ್ಯಿ ನನ್ನ ಮೇಲೆ ಕೂತಿತು. ಅವನು ನನ್ನ ನೆಲ ನಿಲ್ಲಿಸಿಕೊಟ್ಟ ಮೇಲೆ ನಾನು ಅವನದನ್ನು ನಿಲ್ಲಿಸಿಕೊಡಬೇಕಲ್ಲ. ಮಳೆ ಬಿಡುವು ಕೊಟ್ಟಾಗ ಅವನ ಕೆಳಮನೆಯಲ್ಲಿ ಈಜುತ್ತಿದ್ದ ಹುಡುಗರನ್ನೆಲ್ಲ ಎಬ್ಬಿಸಿ, ಪಂಪು ಹಾಕಿ ನೀರು ಎತ್ತಿಸಿ, ನೆಲ ಉಜ್ಜಿ ಒಣಗಿಸಿದೆವು. ಬಣ್ಣದ ಬಕೀಟು ಹಿಡಿದು ಇಳಿದೆ. ಕೆಂಪಾಜಮ್ಮ ತಮಾಷೆ ನೋಡಲು ಮೆಟ್ಟಿಲ ಮೇಲೆ ಕೂತಳು. ಬ್ರಷ್ ಅದ್ದಿ, ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಕಣ್ಣು ಮುಚ್ಚಿದೆ. ಏನೂ ಸಿಗಲಿಲ್ಲ.

"ಮಾಯಣ್ಣ, ನನಗೆ ಏನಾದ್ರೂ ಕೆಟ್ಟದ್ದು ಅನ್ನು" ಎಂದೆ.

ಅವನು ಟವೆಲ್ಲು ಹಿಂಡುತ್ತ ಬಹಳ ಯೋಚನೆ ಮಾಡಿದ. "ನಿಮ್ಮ... ನಿಮ್ಮ ಎಮ್ಮೆ ಒಂಚೂರು ಕುಂಟ್ತದೆ ಅಕ್ಕ" ಎಂದ. ನಾನು ಕಾದೆ. ಅವನು ಒಂದು ಮೆಟ್ಟಿಲು ಇಳಿದು ನನ್ನ ಮುಖವನ್ನೇ ನೋಡಿದ. "ಬೇಜಾರಾಯ್ತಾ ಅಕ್ಕ? ಜಾಸ್ತಿ ಏನೂ ಕುಂಟಾಕಿಲ್ಲ."

ಹಚ್ಚಿದ ಒಂದು ಮೊಳ ಬಣ್ಣ ನಾವು ನೋಡುತ್ತಿದ್ದ ಹಾಗೇ ಸುರುಳಿ ಸುತ್ತಿಕೊಂಡಿತು. ಕೆಂಪಾಜಮ್ಮ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡಳು. ನಾನು ಬ್ರಷ್ ಒರೆಸಿ ಬಕೀಟಿನ ಮುಚ್ಚಳ ಒತ್ತಿದೆ.

"ಈ ವರ್ಷಕ್ಕೆ ನನ್ನ ಕೈಲಾಗಾಕಿಲ್ಲ ಮಾಯಣ್ಣ. ಮುಯ್ಯಿ ಬಾಕಿ ಇರಲಿ."

"ಇರ್ಲಿ ಬುಡಿ ಅಕ್ಕ" ಎಂದ. "ಅದಕ್ಯಾಕೆ ಅಷ್ಟು ಯೋಚನೆ."